ಕಡಲ್ಗಳ್ಳಿಯೋ, ಕರಿಮೆಣಸಿನ ಒಡತಿಯೋ: ಕಳಸ ಸೀಮೆಯಿಂದ ಉಳ್ಳಾಲದವರೆಗಿನ ರಾಣಿಯರ ಚಿತ್ರಣದ ವಿಮರ್ಶೆ

1. ಪ್ರವೇಶ

ಕಡಲ್ಗಳ್ಳತನದ ಜಾಗತಿಕ ಚರಿತ್ರೆಯಲ್ಲಿ ಮಹಿಳೆಯರ ಹೆಸರುಗಳು ವಿರಳವಾದರೂ ಪ್ರಸಿದ್ಧವಾಗಿವೆ. 1593ರಲ್ಲಿ ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್‌ಳನ್ನು ಮುಖಾಮುಖಿ ಕಂಡ ಐರ್ಲೆಂಡಿನ ಗ್ರೇಸ್ ಓ'ಮ್ಯಾಲಿ, 16ನೇ ಶತಮಾನದ ಪೂರ್ವಾರ್ಧದಲ್ಲಿ ಮೊರಾಕ್ಕೋದ ತೆತುವಾನ್ ನಗರವನ್ನು ಆಳಿದ ಸಯ್ಯಿದಾ ಅಲ್-ಹುರ್ರಾ, 1720ರಲ್ಲಿ ಜಮೈಕಾದಲ್ಲಿ ವಿಚಾರಣೆಗೆ ಒಳಗಾದ ಆ್ಯನ್ ಬಾನಿ ಮತ್ತು ಮೇರಿ ರೀಡ್, 1810ರಲ್ಲಿ ಚೀನಾದ ಸರಕಾರದೊಡನೆ ಷರತ್ತು ಮಾಡಿಕೊಂಡು ಶರಣಾದ ಝೆಂಗ್ ಯಿ ಸಾವೊ ಇವರಲ್ಲಿ ಮುಖ್ಯರು. ಈ ಪಟ್ಟಿಯನ್ನು ಕಂಡ ಕನ್ನಡದ ಓದುಗನಲ್ಲಿ ಮೂಡುವ ಸಹಜ ಪ್ರಶ್ನೆ, ಕನ್ನಡ ಕರಾವಳಿಯಲ್ಲಿ ಇಂತಹವರು ಇದ್ದರೇ ಎಂಬುದು. ಉತ್ತರವಾಗಿ ಸಾಮಾನ್ಯವಾಗಿ ಮುಂದೆ ಬರುವ ಹೆಸರುಗಳು ಎರಡು: ಉಳ್ಳಾಲದ ಅಬ್ಬಕ್ಕ ಮತ್ತು ಗೇರುಸೊಪ್ಪೆಯ ಚೆನ್ನಭೈರಾದೇವಿ.

ಈ ಇಬ್ಬರನ್ನು ಕಡಲ್ಗಳ್ಳಿಯರ ಸಾಲಿಗೆ ಸೇರಿಸುವುದು ಸರಿಯೇ? ಸರಿಯಲ್ಲವಾದರೆ, ಅವರನ್ನು ಕಡಲ ವೀರಾಂಗನೆಯರೆಂದು ಮಾತ್ರ ಕೊಂಡಾಡುವುದು ಸಾಕೇ? ಪ್ರಸ್ತುತ ಪ್ರಬಂಧವು ಈ ಎರಡು ಪ್ರಶ್ನೆಗಳನ್ನು ಕಡಲ ದಡದಿಂದಲ್ಲದೆ ಘಟ್ಟದ ಮೇಲಿನಿಂದ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕಳಸ, ಮೂಡಿಗೆರೆ, ಕೊಪ್ಪ ಸೀಮೆಯಿಂದ ಪರಿಶೀಲಿಸುತ್ತದೆ. ಇದಕ್ಕೆ ಕಾರಣವುಂಟು. ಕಡಲಿನಲ್ಲಿ ಯಾವ ಸರಕಿಗಾಗಿ ಕಾದಾಟ ನಡೆಯಿತೋ ಆ ಸರಕು ಕಡಲಿನದಲ್ಲ, ಮಲೆಯದು. ಕುದುರೆಮುಖದ ಮಲೆಸಾಲಿನಲ್ಲಿ ಹುಟ್ಟುವ ನೇತ್ರಾವತಿಯು ಕಡಲನ್ನು ಸೇರುವುದು ಮಂಗಳೂರು ಮತ್ತು ಉಳ್ಳಾಲಗಳ ನಡುವೆ ಎಂಬ ಭೂಗೋಳದ ಸಂಗತಿಯನ್ನೂ ಚರಿತ್ರೆಯ ಓದಿನಲ್ಲಿ ಮರೆಯಲಾಗದು.

2. ಪದದ ಅಧಿಕಾರ

'ಕಡಲ್ಗಳ್ಳ' ಎಂಬ ಪದವು ಮೂರು ಬೇರೆ ಬೇರೆ ಕೃತ್ಯಗಳನ್ನು ಒಂದೇ ಹೆಸರಿನಲ್ಲಿ ಅಡಗಿಸುತ್ತದೆ. ಯಾವ ಅರಸನಿಗೂ ಸೇರದೆ ಸ್ವಂತ ಲಾಭಕ್ಕಾಗಿ ಹಡಗುಗಳನ್ನು ದೋಚುವುದು ಮೊದಲನೆಯದು. ಒಬ್ಬ ಅರಸನ ಅನುಮತಿಯಿಂದ ಅವನ ಶತ್ರುವಿನ ಹಡಗುಗಳ ಮೇಲೆ ಎರಗುವುದು ಎರಡನೆಯದು. ಮತ್ತೊಬ್ಬರು ಸಾರಿದ ಏಕಸ್ವಾಮ್ಯವನ್ನು ಒಪ್ಪದೆ ವ್ಯಾಪಾರ ಮಾಡುವುದು ಮೂರನೆಯದು. ಬಾನಿ ಮತ್ತು ರೀಡ್ ಮೊದಲನೆಯ ವರ್ಗಕ್ಕೆ ಸೇರುತ್ತಾರೆ. ಪೋರ್ಚುಗೀಸರ ಹಡಗುಗಳ ವಿರುದ್ಧ ಕಡಲದಾಳಿಗಳನ್ನು ಬೆಂಬಲಿಸಿದ ತೆತುವಾನಿನ ಒಡತಿ ಎರಡನೆಯ ವರ್ಗಕ್ಕೆ ಸಮೀಪದವಳು. ಕನ್ನಡ ಕರಾವಳಿಯ ರಾಣಿಯರ ವಿಷಯದಲ್ಲಿ ಮುಖ್ಯವಾಗುವುದು ಮೂರನೆಯದು.

16ನೇ ಶತಮಾನದ ಆರಂಭದಿಂದ ಪೋರ್ಚುಗೀಸರು 'ಕರ್ತಾಜ್' ಎಂಬ ಪರವಾನಗಿ ಪದ್ಧತಿಯನ್ನು ಜಾರಿಗೆ ತಂದರು. ಹಡಗಿನ ನಾಯಕನ ಹೆಸರು, ಹಡಗಿನ ಗಾತ್ರ, ಆಯುಧ, ತಲುಪಬೇಕಾದ ಬಂದರು ಇವೆಲ್ಲವೂ ಆ ಪತ್ರದಲ್ಲಿ ದಾಖಲಾಗಬೇಕಿತ್ತು. ಕರಿಮೆಣಸಿನಂತಹ ಸರಕನ್ನು ಒಯ್ಯುವುದಕ್ಕೆ ನಿರ್ಬಂಧವಿತ್ತು. ಪತ್ರವಿಲ್ಲದ ಹಡಗನ್ನು ಹಿಡಿದು ಸರಕನ್ನು ವಶಪಡಿಸಿಕೊಳ್ಳಬಹುದಿತ್ತು. ಶತಮಾನಗಳಿಂದ ಅರಬ್ಬೀ ಸಮುದ್ರದಲ್ಲಿ ನಡೆದು ಬಂದ ವ್ಯಾಪಾರವು ಹೀಗೆ ಒಂದು ಕಾಗದದ ಅಭಾವದಿಂದ ಅಪರಾಧವಾಯಿತು. ಹಡಗು ಹಿಡಿದವನು ಕಾವಲುಗಾರನಾದ, ಹಡಗು ಕಳೆದುಕೊಂಡವನು ತಪ್ಪಿತಸ್ಥನಾದ.

ಈ ಪದದ ಅಧಿಕಾರ ಎಷ್ಟು ಚಂಚಲವಾದುದು ಎಂಬುದಕ್ಕೆ ಹೊನ್ನಾವರದ ತಿಮ್ಮೋಜನೇ ನಿದರ್ಶನ. ಪೋರ್ಚುಗೀಸ್ ಬರಹಗಳಲ್ಲಿ ಮೊದಲು ಕಡಲ್ಗಳ್ಳನಾಗಿ ಕಾಣಿಸುವ ಈತ, 1510ರಲ್ಲಿ ಗೋವೆಯನ್ನು ಗೆಲ್ಲಲು ಅಲ್ಬುಕರ್ಕನಿಗೆ ನೆರವಾದ ಮೇಲೆ ಮಿತ್ರನೂ ಅಧಿಕಾರಿಯೂ ಆದನು. ಬದಲಾದದ್ದು ಅವನ ವೃತ್ತಿಯಲ್ಲ, ಹೆಸರಿಡುವವರೊಡನೆ ಅವನಿಗಿದ್ದ ಸಂಬಂಧ.

3. ಇಬ್ಬರು ರಾಣಿಯರು, ಒಂದೇ ಬಗೆಯ ಕಥೆ

ಪುತ್ತಿಗೆ ಮತ್ತು ಉಳ್ಳಾಲಗಳನ್ನು ಕೇಂದ್ರವಾಗಿಸಿಕೊಂಡ ಚೌಟರು ಅಳಿಯಸಂತಾನ ಪದ್ಧತಿಯನ್ನು ಅನುಸರಿಸಿದ ಜೈನ ಅರಸು ಮನೆತನದವರು. 1550ರ ದಶಕದಿಂದ ಪೋರ್ಚುಗೀಸ್ ಬರಹಗಳಲ್ಲಿ ಉಳ್ಳಾಲದ ರಾಣಿಯ ಪ್ರಸ್ತಾಪ ಬರುತ್ತದೆ. 1568ರಲ್ಲಿ ವೈಸರಾಯ್ ಅಂತಾವೊ ದೆ ನೊರೊನ್ಯಾ ದಂಡೆತ್ತಿ ಬಂದು ಮಂಗಳೂರಿನಲ್ಲಿ ಕೋಟೆಯನ್ನು ಕಟ್ಟಿಸಿದನು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡನು. ಈ ಎಲ್ಲ ದಶಕಗಳ ರಾಣಿ ಒಬ್ಬಳೇ ಆಗಿರಲಾರಳು, ಒಬ್ಬರಿಗಿಂತ ಹೆಚ್ಚು ಅಬ್ಬಕ್ಕರು ಆಳಿದರು ಎಂಬುದನ್ನು ಸಂಶೋಧಕರು ಬಹುಮಟ್ಟಿಗೆ ಒಪ್ಪಿದ್ದಾರೆ. ಜನಪ್ರಿಯ ಕಥನಗಳು ಇವರನ್ನು ಒಬ್ಬಳೇ ವೀರರಾಣಿಯಾಗಿ ಬೆಸೆದಿವೆ. ಹಾಗೆ ಬೆಸೆಯುವಾಗ ಕಳೆದುಹೋಗುವುದು ಒಂದು ಮಹತ್ವದ ಸಂಗತಿ: ಇದು ಒಬ್ಬ ಅಸಾಧಾರಣ ಹೆಣ್ಣಿನ ಸಾಹಸವಲ್ಲ, ಹೆಣ್ಣಿಗೆ ಆಳುವ ಹಕ್ಕನ್ನು ಕೊಟ್ಟ ಒಂದು ವ್ಯವಸ್ಥೆಯ ನಿರಂತರತೆ.

ದೆಲ್ಲಾ ವಾಲ್ಲೆಯ ಪತ್ರ ಈ ವಿಷಯದಲ್ಲಿ ಅಮೂಲ್ಯ ಆಕರ. ರಾಣಿಯು ಬರಿಗಾಲಿನಲ್ಲಿ, ಸಾಮಾನ್ಯ ಹತ್ತಿಬಟ್ಟೆಯುಟ್ಟು, ಮಣ್ಣಿನ ಕಾಮಗಾರಿಯ ಮೇಲ್ವಿಚಾರಣೆಗೆ ಬಂದಿದ್ದಳೆಂದು ಆತ ಬರೆಯುತ್ತಾನೆ. ಆಕೆಯ ಉಡುಗೆ ಅವನಿಗೆ ರಾಜೋಚಿತವಾಗಿ ಕಾಣುವುದಿಲ್ಲ. ಆದರೆ ಆಕೆಯ ದನಿ ಮತ್ತು ಮಾತಿನ ವಿವೇಕ ಅವನನ್ನು ಮೆಚ್ಚಿಸುತ್ತವೆ. ಕಡಲ ಯುದ್ಧಕ್ಕೆ ಹೆಸರಾದ ಮನೆತನದ ರಾಣಿಯನ್ನು ಕಣ್ಣಾರೆ ಕಂಡ ವಿದೇಶಿ ಸಾಕ್ಷಿಯ ಚಿತ್ರದಲ್ಲಿ ಹಡಗಿಲ್ಲ, ಆಕೆಯ ಕೈಯಲ್ಲಿ ಖಡ್ಗವಿಲ್ಲ. ನೆಲದ ಕೆಲಸವನ್ನು ನಿಂತು ಮಾಡಿಸುವ ಆಡಳಿತಗಾರ್ತಿ ಇದ್ದಾಳೆ.

ಆದರೆ ಅದೇ ಪತ್ರವು ಯುದ್ಧದ ಕಾರಣವನ್ನು ವಿವರಿಸುವಾಗ ಬೇರೊಂದು ಜಾಡು ಹಿಡಿಯುತ್ತದೆ. ರಾಣಿಗೂ ಆಕೆಯ ಪತಿ ಬಂಗ ಅರಸನಿಗೂ ಬಂದ ಮನಸ್ತಾಪ, ಆಕೆ ಒಡವೆಗಳನ್ನು ಹಿಂದಿರುಗಿಸಿದ್ದು, ಆತ ಪೋರ್ಚುಗೀಸರ ಮತ್ತು ಆಕೆ ಇಕ್ಕೇರಿಯ ವೆಂಕಟಪ್ಪ ನಾಯಕನ ನೆರವು ಕೋರಿದ್ದು, ಹೀಗೆ ಕಥೆಯು ದಾಂಪತ್ಯದ ಜಗಳವಾಗುತ್ತದೆ. ಅಳಿಯಸಂತಾನದ ಮನೆತನಗಳಲ್ಲಿ ಪತಿಗೆ ಪತ್ನಿಯ ರಾಜ್ಯದ ಮೇಲೆ ಹಕ್ಕಿರಲಿಲ್ಲ. ಚೌಟ ಮತ್ತು ಬಂಗ ಮನೆತನಗಳ ಮದುವೆಯೆಂದರೆ ಎರಡು ರಾಜ್ಯಗಳ ಒಪ್ಪಂದ, ಒಡವೆಗಳ ಮರಳಿಕೆಯೆಂದರೆ ಆ ಒಪ್ಪಂದದ ರದ್ದತಿ. ಪ್ರವಾಸಿಗೆ ಇದು ಸಂಸಾರದ ವಿರಸವಾಗಿ ತೋರಿತು.

ಗೇರುಸೊಪ್ಪೆಯ ವಿಷಯದಲ್ಲೂ ಇದೇ ನಡೆದಿದೆ. ಸಾಳುವ ಮನೆತನದ ಚೆನ್ನಭೈರಾದೇವಿಯ ಸೀಮೆಯ ವ್ಯಾಪಾರಕ್ಕೆ ಶರಾವತಿಯ ಮುಖದಲ್ಲಿರುವ ಹೊನ್ನಾವರವೇ ಹೆಬ್ಬಾಗಿಲು. 1569ರಲ್ಲಿ ಪೋರ್ಚುಗೀಸರು ಅದನ್ನು ವಶಪಡಿಸಿಕೊಂಡು ಕೋಟೆ ಕಟ್ಟಿದರು. ಆದರೂ ಘಟ್ಟದ ಮೆಣಸಿಗಾಗಿ ಅವರು ಗೇರುಸೊಪ್ಪೆಯ ಕಡೆ ನೋಡಲೇಬೇಕಿತ್ತು. ಅವರೇ ಇಟ್ಟ 'ಮೆಣಸಿನ ರಾಣಿ' ಎಂಬ ಹೆಸರು ಆ ಅವಲಂಬನೆಯ ಒಪ್ಪಿಗೆ. ದೆಲ್ಲಾ ವಾಲ್ಲೆ ಗೇರುಸೊಪ್ಪೆಯನ್ನು ಹಾಯ್ದುಹೋಗುವ ವೇಳೆಗೆ ರಾಜಧಾನಿ ಹಾಳಾಗಿ ಕಾಡು ಬೆಳೆದಿತ್ತು. ಆ ಪತನಕ್ಕೂ ಆತ ಕೇಳಿ ಬರೆದ ಕಾರಣ ಪರಕೀಯನೊಬ್ಬನ ಮೇಲೆ ರಾಣಿಗೆ ಹುಟ್ಟಿದ ಮೋಹ. ಒಂದು ರಾಜ್ಯ ಜಗಳದಿಂದ ಕೆಟ್ಟಿತು, ಇನ್ನೊಂದು ಪ್ರೇಮದಿಂದ ಕೆಟ್ಟಿತು; ಮೆಣಸಿನ ಮಾತು ಹಿಂದೆ ಸರಿಯಿತು.

1724ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಕ್ಯಾಪ್ಟನ್ ಚಾರ್ಲ್ಸ್ ಜಾನ್ಸನ್ ಹೆಸರಿನ ಕಡಲ್ಗಳ್ಳರ ಚರಿತ್ರೆಯು ಬಾನಿ ಮತ್ತು ರೀಡ್‌ರನ್ನು ಚಿತ್ರಿಸುವ ಕ್ರಮವೂ ಇದೇ. ವೇಷಾಂತರ, ಪ್ರಣಯ, ಗಂಡಂದಿರು, ಗರ್ಭಧಾರಣೆ ಇವೇ ಅಲ್ಲಿ ಕಥೆಯ ಕೀಲುಗಳು. ಕಡಲಿಗೂ ಹೆಣ್ಣಿಗೂ ಸಂಬಂಧ ಬಂದಾಗ ಯುರೋಪಿನ ಬರವಣಿಗೆಯು ಅವಳನ್ನು ಒಬ್ಬ ಗಂಡಸಿನ ಮೂಲಕವೇ ವಿವರಿಸಲು ಹೊರಡುತ್ತದೆ ಎಂಬುದು ಈ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

4. ಕಲ್ಲಿನ ಸಾಕ್ಷ್ಯ

ಇದಕ್ಕೆ ಪ್ರತಿಯಾಗಿ ಇಡಬೇಕಾದ ಆಕರಗಳು ಘಟ್ಟದ ಮೇಲಿವೆ. ಹೊಂಬುಚದ ಸಾಂತರರ ಒಂದು ಶಾಖೆ ಶಿಶಿಲ, ಕಳಸಗಳ ಮೂಲಕ ಕಾರ್ಕಳಕ್ಕೆ ತನ್ನ ಕೇಂದ್ರವನ್ನು ವಿಸ್ತರಿಸಿಕೊಂಡಿತು. ಭದ್ರಾ ತೀರದ ಕಳಸ ಮೇಲೆ, ಕಾರ್ಕಳ ಕೆಳಗೆ. ಹೀಗೆ ಘಟ್ಟದ ಎರಡೂ ಮಗ್ಗುಲುಗಳನ್ನು ಹಿಡಿದದ್ದೇ ಈ ರಾಜ್ಯದ ಬಲ. ಘಟ್ಟದ ಅಡಿಕೆ, ಮೆಣಸು, ಏಲಕ್ಕಿ ಹೇರೆತ್ತುಗಳ ಮೇಲೆ ಕೆಳಗಿಳಿಯುತ್ತಿದ್ದವು. ಕರಾವಳಿಯ ಉಪ್ಪು ಮತ್ತು ಒಣಮೀನು ಮೇಲೇರುತ್ತಿದ್ದವು.

ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ ಅಂದಿನ ಕಡೂರು ಜಿಲ್ಲೆಯ ಶಾಸನಗಳದು. 13ನೇ ಶತಮಾನದ ಕಳಸದಲ್ಲಿ ಜಾಕಲ ಮಹಾದೇವಿ ಮತ್ತು ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರು ರಾಜ್ಯವಾಳಿದರೆಂಬುದು ಈ ಸೀಮೆಯ ಶಾಸನಗಳಿಂದ ತಿಳಿದುಬರುತ್ತದೆ. ಪೋರ್ಚುಗೀಸರು ಕಲ್ಲಿಕೋಟೆಗೆ ಬರುವುದಕ್ಕೆ ಎರಡು ಶತಮಾನಗಳ ಹಿಂದಿನ ಮಾತಿದು. ಅಬ್ಬಕ್ಕನಾಗಲಿ ಚೆನ್ನಭೈರಾದೇವಿಯಾಗಲಿ ಆಪತ್ಕಾಲದಲ್ಲಿ ಅನಿವಾರ್ಯವಾಗಿ ಪಟ್ಟಕ್ಕೆ ಬಂದ ಅಪವಾದಗಳಲ್ಲ ಎಂಬುದಕ್ಕೆ ಇದು ದೃಢವಾದ ಆಧಾರ.

ಇನ್ನೂ ಅರ್ಥಪೂರ್ಣವಾದುದು ಕೊಪ್ಪ ತಾಲ್ಲೂಕಿನ ಬಗುಂಜಿ ಸೀಮೆಯ 1530ರ ಶಾಸನ. ಭೈರರಸ ಒಡೆಯನ ತಂಗಿ, ಬಗುಂಜಿ ಸೀಮೆಯನ್ನು ಆಳುತ್ತಿದ್ದ ಕಾಳಲದೇವಿಯು ತನ್ನ ಮಗಳು ರಾಮಾದೇವಿಯ ಮರಣಾನಂತರ ಕಲ್ಲಬಸ್ತಿಯ ಪಾರ್ಶ್ವನಾಥನ ಪೂಜೆಗಾಗಿ ಭೂಮಿಯನ್ನು ಬಿಟ್ಟ ವಿಷಯ ಅದರಲ್ಲಿದೆ. ಇಲ್ಲಿ ಆಳುವ ಹೆಣ್ಣಿನ ಪರಿಚಯವಾಗುವುದು ಅಣ್ಣನ ತಂಗಿಯಾಗಿ, ಮಗಳ ತಾಯಿಯಾಗಿ. ಮಗಳ ಸಾವು ಅಳಿಯಸಂತಾನದ ಮನೆಯಲ್ಲಿ ಕೇವಲ ಖಾಸಗಿ ದುಃಖವಲ್ಲ, ವಂಶದ ಎಳೆಗೆ ಬಿದ್ದ ಪೆಟ್ಟು. ದುಃಖವು ಭೂದಾನವಾಗಿ, ಆಡಳಿತದ ದಾಖಲೆಯಾಗಿ ಕಲ್ಲಿನಲ್ಲಿ ಉಳಿಯಿತು. 1586ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನೂ ಹಿಂದಿನ ಭೈರರಸನ ಸೋದರಿ ಗುಮ್ಮಟಾಂಬೆಯ ಮಗನೆಂದೇ ಗುರುತಿಸಲ್ಪಡುತ್ತಾನೆ.

ಪ್ರವಾಸಿಯ ಪತ್ರದಲ್ಲಿ ರಾಣಿಯ ಪಕ್ಕದಲ್ಲಿ ಗಂಡ ಅಥವಾ ಪ್ರಿಯ ನಿಂತಿದ್ದಾನೆ. ಶಾಸನದಲ್ಲಿ ಅಣ್ಣ ಮತ್ತು ಮಗಳು ನಿಂತಿದ್ದಾರೆ. ಈ ವ್ಯತ್ಯಾಸವೇ ಎರಡು ಬಗೆಯ ಚರಿತ್ರೆಗಳ ವ್ಯತ್ಯಾಸ. ಶಾಸನವೂ ನಿಷ್ಪಕ್ಷಪಾತ ದಾಖಲೆಯೇನಲ್ಲ. ಅದು ಆಳುವವರ ಮಾತು, ಹೇರೆತ್ತು ಹೊಡೆದವನ ಮತ್ತು ಮೆಣಸು ಕೊಯ್ದವಳ ಹೆಸರು ಅದರಲ್ಲಿ ಸಿಗದು. ಆದರೂ ಹೆಣ್ಣಿನ ಅಧಿಕಾರಕ್ಕೆ ಅದು ವಿವರಣೆ ಬೇಡುವುದಿಲ್ಲ.

5. ಕಡಲ ತೋಳು

ಹಾಗಾದರೆ ಕಡಲಿನಲ್ಲಿ ಈ ರಾಣಿಯರ ಪರವಾಗಿ ಯಾರೂ ಕಾದಲಿಲ್ಲವೇ? ಕಾದರು. 1570ರ ಸುಮಾರಿಗೆ ಉಳ್ಳಾಲದ ರಾಣಿಯ ಕೋರಿಕೆಯಂತೆ ಮಲಬಾರಿನ ಕುಟ್ಟಿ ಪೋಕರ್ ಮರಕ್ಕಾರ್ ಮಂಗಳೂರಿನ ಕೋಟೆಯ ಮೇಲೆ ಎರಗಿ, ಮರಳುವಾಗ ಪೋರ್ಚುಗೀಸ್ ನೌಕೆಗಳಿಗೆ ಎದುರಾಗಿ ಮಡಿದನೆಂದು ಪೋರ್ಚುಗೀಸ್ ಚರಿತ್ರೆಗಳೇ ಹೇಳುತ್ತವೆ. ಆ ಚರಿತ್ರೆಗಳಲ್ಲಿ ಮರಕ್ಕಾರರು ಕಡಲ್ಗಳ್ಳರು. ಕಲ್ಲಿಕೋಟೆಯ ಸಾಮೂದಿರಿಗೆ ಅವರು ನೌಕಾಪಡೆಯ ನಾಯಕರು. ಮೇಲೆ ಹೇಳಿದ ಮೂರು ವರ್ಗಗಳಲ್ಲಿ ಇದು ಎರಡನೆಯದಕ್ಕೆ ಸೇರುವ ಕೃತ್ಯ. ಜೈನ ರಾಣಿ, ಮುಸಲ್ಮಾನ ನಾವಿಕ, ಕಲ್ಲಿಕೋಟೆಯ ಅರಸ, ಮುಂದೆ ವೀರಶೈವನಾದ ಇಕ್ಕೇರಿಯ ನಾಯಕ ಇವರೆಲ್ಲರನ್ನು ಬೇರೆ ಬೇರೆ ಕಾಲಗಳಲ್ಲಿ ಹತ್ತಿರ ತಂದದ್ದು ಬಂದರನ್ನು ಮುಕ್ತವಾಗಿ ಇಟ್ಟುಕೊಳ್ಳುವ ಆಸಕ್ತಿ. ಆ ಮೈತ್ರಿ ಶಾಶ್ವತವೂ ಆಗಿರಲಿಲ್ಲ: ಗೇರುಸೊಪ್ಪೆಯನ್ನು ಕೊನೆಗಾಣಿಸಿದವರು ಪೋರ್ಚುಗೀಸರಲ್ಲ, ಇಕ್ಕೇರಿಯವರು.

ಏಕಸ್ವಾಮ್ಯವನ್ನು ಮುರಿದವರನ್ನು ಹೇಗೆ ಹೆಸರಿಸಬೇಕು ಎಂಬುದಕ್ಕೆ ಇದೇ ಮಲೆಸೀಮೆಯ ಇನ್ನೊಂದು ಪರಂಪರೆಯೂ ಪಾಠ ಹೇಳುತ್ತದೆ. ಯೆಮೆನ್‌ನ ಮೋಖಾ ಬಂದರಿನಿಂದ ಬಾಬಾ ಬುಡನ್ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಸುಪ್ರಸಿದ್ಧ. ಮೊಳಕೆಯೊಡೆಯುವ ಬೀಜ ಹೊರಹೋಗದಂತೆ ಅರಬ್ಬರು ಕಾಯುತ್ತಿದ್ದರೆಂಬುದೂ ಆ ಐತಿಹ್ಯದ ಭಾಗ. ಮಲೆನಾಡಿನಲ್ಲಿ ಯಾರೂ ಇದನ್ನು ಕಳವೆಂದು ಎಣಿಸಲಿಲ್ಲ, ಅನುಗ್ರಹವೆಂದು ಸ್ಮರಿಸಿದರು. ಇಂದು ಮೂಡಿಗೆರೆ, ಕಳಸಗಳ ತೋಟಗಳಲ್ಲಿ ಕಾಫಿಗೆ ನೆರಳು ಕೊಡುವ ಮರಗಳಿಗೇ ಮೆಣಸಿನ ಬಳ್ಳಿ ಹಬ್ಬಿಕೊಂಡಿದೆ. ಒಂದೇ ತೋಟದ ಈ ಎರಡು ಬೆಳೆಗಳ ಹಿಂದೆ ಏಕಸ್ವಾಮ್ಯವನ್ನು ಒಪ್ಪದವರ ಎರಡು ಕಥೆಗಳಿವೆ. ಒಂದನ್ನು ಫಲ ಪಡೆದವರು ಹೇಳಿದರು, ಇನ್ನೊಂದನ್ನು ಬಹುಕಾಲ ಎದುರಾಳಿಗಳು ಬರೆದರು.

6. ಇಂದಿನ ಕಥನಗಳು

ಇತ್ತೀಚಿನ ದಶಕಗಳಲ್ಲಿ ಈ ರಾಣಿಯರು ಸಾರ್ವಜನಿಕ ಸ್ಮೃತಿಗೆ ಮರಳಿದ್ದಾರೆ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ, ಉಳ್ಳಾಲದ ಅಬ್ಬಕ್ಕ ಉತ್ಸವ, ಚೆನ್ನಭೈರಾದೇವಿಯನ್ನು ಕುರಿತ ಗಜಾನನ ಶರ್ಮರ ಕಾದಂಬರಿ ಇವು ಈ ಮರಳುವಿಕೆಯ ಗುರುತುಗಳು. 2012ರಲ್ಲಿ ಭಾರತೀಯ ತಟರಕ್ಷಣಾ ಪಡೆಯನ್ನು ಸೇರಿದ ಗಸ್ತು ನೌಕೆಯೊಂದಕ್ಕೆ ರಾಣಿ ಅಬ್ಬಕ್ಕನ ಹೆಸರನ್ನಿಡಲಾಗಿದೆ. ಪರವಾನಗಿಯಿಲ್ಲದ ಹಡಗುಗಳ ಕಡೆಯವಳಾಗಿದ್ದವಳು ಈಗ ಹಡಗುಗಳನ್ನು ತಪಾಸಿಸುವ ನೌಕೆಯ ಹೆಸರಾಗಿದ್ದಾಳೆ. ಇದರಲ್ಲಿ ವ್ಯಂಗ್ಯಕ್ಕಿಂತ ನ್ಯಾಯವೇ ಹೆಚ್ಚು: ತನ್ನ ಕಡಲನ್ನು ತಾನೇ ಕಾಯುವ ಹಕ್ಕು ಆಕೆಯ ಕಾಲದ ವಿವಾದವೂ ಆಗಿತ್ತು.

ಆದರೆ ವೈಭವೀಕರಣದ ಮಿತಿಯನ್ನು ಗುರುತಿಸದಿರಲಾಗದು. ಬೆಂಕಿಯ ಬಾಣ ಎಸೆಯುವ, ರಾತ್ರಿಯಲ್ಲಿ ಹಡಗಿಗೆ ನುಗ್ಗುವ ರಾಣಿಯ ಚಿತ್ರವು ಎದುರಾಳಿಯ ಚೌಕಟ್ಟನ್ನೇ ಬಳಸಿಕೊಂಡು ಬಣ್ಣವನ್ನಷ್ಟೇ ಬದಲಿಸುತ್ತದೆ. ಕಡಲ್ಗಳ್ಳಿಯನ್ನು ವೀರಾಂಗನೆಯಾಗಿಸಿದರೂ ಆಕೆ ಸಾಹಸದ ಬೊಂಬೆಯಾಗಿಯೇ ಉಳಿಯುತ್ತಾಳೆ. ಬರಿಗಾಲಿನಲ್ಲಿ ಕಾಮಗಾರಿಯ ಬಳಿ ನಿಂತವಳು, ಮಗಳ ಮರಣದ ನಂತರ ಭೂಮಿ ಅಳೆಸಿ ಕೊಟ್ಟವಳು, ತನ್ನ ಸೀಮೆಯ ಮೆಣಸನ್ನು ಯಾರಿಗೆ ಮಾರಬೇಕೆಂದು ತಾನೇ ನಿರ್ಧರಿಸಿದವಳು ಆ ಚಿತ್ರದಲ್ಲಿ ಕಾಣಿಸುವುದಿಲ್ಲ.

7. ಸಮಾರೋಪ

ಕನ್ನಡ ಕರಾವಳಿಯ ರಾಣಿಯರು ಕಡಲ್ಗಳ್ಳಿಯರಲ್ಲ. ತಮ್ಮ ನೆಲದ ಸರಕನ್ನು ತಾವೇ ಮಾರುವ ಹಕ್ಕನ್ನು ಬಿಟ್ಟುಕೊಡದ ಒಡತಿಯರು. ಆ ಹಕ್ಕಿನ ಬೇರು ಅಳಿಯಸಂತಾನದ ಪದ್ಧತಿಯಲ್ಲಿಯೂ ಘಟ್ಟದ ಬೆಳೆಯಲ್ಲಿಯೂ ಇದೆ. ಆದುದರಿಂದ ಈ ವಿಷಯದ ಮುಂದಿನ ಅಧ್ಯಯನವು ಬಂದರಿನ ದಾಖಲೆಗಳಿಗಷ್ಟೇ ಸೀಮಿತವಾಗಬಾರದು. ಕಳಸ, ಕೊಪ್ಪ, ಕಾರ್ಕಳ, ಮೂಡುಬಿದಿರೆ, ಗೇರುಸೊಪ್ಪೆಗಳ ಶಾಸನಗಳನ್ನು ಪೋರ್ಚುಗೀಸ್ ಮತ್ತು ಇಟಾಲಿಯನ್ ಬರಹಗಳೊಡನೆ ಒಂದೇ ಮೇಜಿನ ಮೇಲಿಟ್ಟು, ಯಾವ ದಾಖಲೆ ಹೆಣ್ಣನ್ನು ಯಾರ ಪಕ್ಕದಲ್ಲಿ ನಿಲ್ಲಿಸುತ್ತದೆ ಎಂಬ ಪ್ರಶ್ನೆಯೊಡನೆ ಓದಬೇಕಾಗಿದೆ. ಕಡಲಿನ ಕಥೆಯೆಂದು ತಿಳಿದದ್ದರಲ್ಲಿ ಮಲೆಯ ಪಾಲು ಎಷ್ಟೆಂಬುದು ಅಂತಹ ಓದಿನಿಂದಲೇ ನಿರ್ಧಾರವಾಗಬಲ್ಲದು.