ದಂತದಿಂದ ಮರದ ಪದರಕ್ಕೆ: ಮೈಸೂರು ಇನ್‌ಲೇ ಕಲೆಯ ಸ್ವರೂಪ ವಿವೇಚನೆ

ಮೈಸೂರಿನ ಬೀಟೆಮರದ ಇನ್‌ಲೇ ಕಲೆಯನ್ನು ಕುರಿತ ವಿವೇಚನೆಯಲ್ಲಿ ಅರಮನೆಯ ಆಶ್ರಯಕ್ಕೂ ಕುಶಲಕರ್ಮಿಗಳ ತಾಳ್ಮೆಗೂ ದೊರೆಯುವ ಮನ್ನಣೆ ಅದರ ಸಾಮಗ್ರಿಗೆ ದೊರೆಯುವುದು ಅಪರೂಪ. ದಂತದ ಸ್ಥಾನವನ್ನು ವಿವಿಧ ವರ್ಣದ ಮರಗಳು ಪಡೆದಾಗ ಈ ಕಲೆಯ ಚಿತ್ರವ್ಯಾಕರಣವೂ ಪಲ್ಲಟಗೊಂಡಿತೆಂಬುದನ್ನು ಗಮನಿಸಬೇಕಾಗುತ್ತದೆ.

1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಬಳಿಕ ಹೆನ್ರಿ ಇರ್ವಿನ್‌ನ ವಿನ್ಯಾಸದಂತೆ ನಿರ್ಮಾಣಗೊಂಡು 1912ರಲ್ಲಿ ಪೂರ್ಣವಾದ ಅಂಬಾವಿಲಾಸ ಅರಮನೆಯ ದಂತಖಚಿತ ಬೀಟೆಬಾಗಿಲು ಹಳೆಯ ವ್ಯಾಕರಣಕ್ಕೆ ಉತ್ತಮ ನಿದರ್ಶನ. ಇಲ್ಲಿ ಗಾಢವರ್ಣದ ನೆಲದ ಮೇಲೆ ಬಿಳಿಯ ಆಕೃತಿ ನಿಲ್ಲುತ್ತದೆ. ದಂತದ ಮೈಯಲ್ಲಿ ಮರದಂತೆ ಎದ್ದುಕಾಣುವ ಎಳೆಗಳಿಲ್ಲ. ಆದಕಾರಣ ದಂತದ ಕೆಲಸದಲ್ಲಿ ಒಳವಿವರಗಳನ್ನು ಗೀರಿ, ಆ ಗೀರುಗಳಿಗೆ ಕಪ್ಪು ಅರಗನ್ನು ತುಂಬುವ ಕ್ರಮ ಬೆಳೆಯಿತು. ಇದು ರೇಖಾಪ್ರಧಾನವಾದ ಕಲೆ. ಅಲಂಕರಣವು ಬಾಗಿಲು, ಪೀಠ, ಪೆಟ್ಟಿಗೆಗಳ ಆಕಾರಕ್ಕೆ ಅಧೀನವಾಗಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ನಿಷೇಧಿಸಿದವು. ಆ ಬಳಿಕ ಹಲಸಿನ ಹಳದಿ, ತೇಗದ ಹೊಂಬಣ್ಣ, ಕರಿಮರದ ಕಪ್ಪುಗಳೇ ಪ್ರಧಾನವಾದವು. ಮರದ ತುಣುಕಿಗೆ ತನ್ನದೇ ಎಳೆಯುಂಟು. ಅದರ ದಿಕ್ಕನ್ನು ತಿರುಗಿಸಿದರೆ ಬೆಳಕು ಬೇರೆಯಾಗಿ ಬೀಳುತ್ತದೆ. ರೇಖೆಯ ಸ್ಥಾನಕ್ಕೆ ಛಾಯೆ ಬಂದಿತು. ಭೂದೃಶ್ಯ, ಮೆರವಣಿಗೆ, ಗ್ರಾಮಜೀವನದ ಚಿತ್ರಗಳು ಪೀಠೋಪಕರಣದಿಂದ ಕಳಚಿಕೊಂಡು ಗೋಡೆಯನ್ನೇರಿದವು.

ಈ ಚಿತ್ರಗಳ ಮೌಲ್ಯನಿರ್ಣಯಕ್ಕೆ ಎಳೆಯ ಬಳಕೆಯೇ ಮಾನದಂಡವಾಗಬೇಕು. ಒಂದೇ ಮರದ ಅಡ್ಡ ಎಳೆಯಲ್ಲಿ ನೀರನ್ನೂ ಸುಳಿಯಲ್ಲಿ ಮೋಡವನ್ನೂ ಕಾಣಿಸಿದ ಫಲಕ ಸಾಮಗ್ರಿಯ ಮೂಲಕವೇ ಮಾತನಾಡುತ್ತದೆ. ಬಣ್ಣ ಬಳಿದು ತೈಲಚಿತ್ರವನ್ನು ಅನುಕರಿಸುವ ಫಲಕದಲ್ಲಿ ಮರವು ಕ್ಯಾನ್ವಾಸಿನ ಬಡ ಬದಲಿಯಾಗಿ ಉಳಿಯುತ್ತದೆ.

ಇಲ್ಲಿ ವೆನೀರ್‌ನ ಪ್ರಶ್ನೆ ಎದುರಾಗುತ್ತದೆ. ಇನ್‌ಲೇಯಲ್ಲಿ ನೆಲವನ್ನು ಉಳಿಯಿಂದ ತೋಡಿ ತುಣುಕನ್ನು ಕೂರಿಸಲಾಗುತ್ತದೆ. ವೆನೀರ್ ಚಿತ್ರದಲ್ಲಿ ತೆಳುಪದರಗಳನ್ನು ಒಂದಕ್ಕೊಂದು ಹೊಂದುವಂತೆ ಕತ್ತರಿಸಿ, ಇಡೀ ಹಾಳೆಯನ್ನು ಪ್ಲೈವುಡ್ಡಿಗೆ ಅಂಟಿಸಲಾಗುತ್ತದೆ. ಇದನ್ನು ಹುಸಿಯೆಂದು ತಳ್ಳಿಹಾಕುವುದು ಸಾಧುವಲ್ಲ. ಅಡ್ಡ-ನೇರ ಪದರಗಳ ಪ್ಲೈವುಡ್ ಹವೆಗೆ ಹಿಗ್ಗಿ ಕುಗ್ಗುವುದು ಇಡೀ ಹಲಗೆಗಿಂತ ಕಡಿಮೆ. ಬ್ಲೇಡಿನಿಂದ ಅರ್ಧ ಮಿಲಿಮೀಟರಿಗೆ ಸೀಳಿದರೆ 25 ಮಿಲಿಮೀಟರ್ ದಪ್ಪದ ದಿಮ್ಮಿ ಲೆಕ್ಕಕ್ಕೆ 50 ಪದರಗಳನ್ನು ಕೊಡಬಲ್ಲದು. ಬೀಟೆಯನ್ನೊಳಗೊಂಡ ಡಾಲ್ಬರ್ಜಿಯ ಕುಲದ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೊಳಪಟ್ಟಿರುವಾಗ ಈ ಮಿತವ್ಯಯಕ್ಕೆ ವಿಶೇಷ ಅರ್ಥವಿದೆ.

ಆದರೆ ನಷ್ಟವೂ ಇದೆ. ದಪ್ಪ ಹಲಗೆಯ ಕೆಲಸವನ್ನು ತಲೆಮಾರುಗಳ ನಂತರವೂ ಉಜ್ಜಿ ಮೆರುಗುಗೊಳಿಸಬಹುದು. ಅರ್ಧ ಮಿಲಿಮೀಟರಿನ ಪದರ ಮರಳುಕಾಗದದ ಅಧಿಕ ಉಜ್ಜುವಿಕೆಯನ್ನು ತಾಳದು. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಕೊಳ್ಳುವವರಿಗೂ ಕುಶಲಕರ್ಮಿಗೂ ನ್ಯಾಯವಲ್ಲ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಲೆಯ ಹೆಸರಿನಲ್ಲಿ ಬೀಟೆಯಿದೆ. ಅದರ ಸತ್ವ ಎಳೆಯನ್ನು ಓದಬಲ್ಲ ಕಣ್ಣಿನಲ್ಲಿದೆ. ಬೀಟೆ ವಿರಳವಾಗುತ್ತಿರುವ ಕಾಲದಲ್ಲಿ ಈ ಪರಂಪರೆಯ ಮುಂದುವರಿಕೆ ಆ ಕಣ್ಣಿನ ಶಿಕ್ಷಣವನ್ನೇ ಅವಲಂಬಿಸಿದೆ.