ಹೊಗಳಿಕೆಯ ಹೊಗೆಯಲ್ಲಿ ಕಾಣದ ಮುಖಗಳು

ಆರ್. ಮಾಧವನ್ ತಾವೇ ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ವಹಿಸಿದ 'ರಾಕೆಟ್ರಿ: ದ ನಂಬಿ ಎಫೆಕ್ಟ್' ಚಿತ್ರ 2022ರ ಜುಲೈ 1ರಂದು ತೆರೆಕಂಡಿತು. ಮರುವರ್ಷ ಅದಕ್ಕೆ ಅತ್ಯುತ್ತಮ ಚಲನಚಿತ್ರದ ರಾಷ್ಟ್ರಪ್ರಶಸ್ತಿ ಘೋಷಣೆಯಾಯಿತು. ಅದೇ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಸಂಜೆ ನಮ್ಮ ಹರಪನಹಳ್ಳಿಯಲ್ಲಿಯೂ ಪಟಾಕಿ ಹೊಡೆದರು, ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ನಿಂತವರೆಲ್ಲ ಪರಸ್ಪರ ಕೈಕುಲುಕಿದರು. ಅವತ್ತು ಅಲ್ಲಿದ್ದ ಕಾಲೇಜು ಹುಡುಗನೊಬ್ಬ, "ಸರ್, ರಾಕೆಟ್ರಿ ನೋಡಿಲ್ವಾ? ಫ್ರಾನ್ಸಿನೋರ ಕಣ್ಣಿಗೆ ಮಣ್ಣೆರಚಿ ಇಂಜಿನ್ ತಂದುಬಿಟ್ರು ನಮ್ಮೋರು" ಎಂದ. ಅವನ ಕಣ್ಣಲ್ಲಿ ನಿಜವಾದ ಖುಷಿ ಇತ್ತು. ನಾನು ಚಿತ್ರವನ್ನು ಆಮೇಲೆ ಎರಡು ಸಲ ನೋಡಿದೆ. ಹುಡುಗ ಹೇಳಿದ್ದು ತಪ್ಪಲ್ಲ, ಚಿತ್ರ ಹಾಗೆಯೇ ಹೇಳುತ್ತದೆ. ತಪ್ಪಿರುವುದು ಚಿತ್ರದಲ್ಲಿ.

ಮೊದಲು ಅದರ ಒಳ್ಳೆಯದನ್ನು ಒಪ್ಪಿಕೊಳ್ಳಬೇಕು. ನಮ್ಮ ಸಿನಿಮಾಗಳಲ್ಲಿ ವಿಜ್ಞಾನಿ ಎಂದರೆ ಕೆದರಿದ ಕೂದಲು, ಗಾಜಿನ ಬುಡ್ಡಿ, ಹುಚ್ಚು ನಗೆ. ಇಲ್ಲಿ ಹಾಗಿಲ್ಲ. ಇಂಧನ, ಒತ್ತಡ, ನೂಕುಬಲ ಎಂದು ನಿಮಿಷಗಟ್ಟಲೆ ಮಾತು ನಡೆಯುತ್ತದೆ; ನೋಡುವವನಿಗೆ ಅರ್ಥವಾಗಲಿ ಬಿಡಲಿ, ಆ ಮಾತಿನ ಹಿಂದಿರುವ ದುಡಿಮೆ ಅರ್ಥವಾಗುತ್ತದೆ. ಪ್ರಿನ್ಸ್‌ಟನ್‌ನಲ್ಲಿ ಪ್ರೊಫೆಸರ್ ಲುಯಿಜಿ ಕ್ರೋಕೋ ಅವರ ಕಾಯಿಲೆಯ ಹೆಂಡತಿಯ ಆರೈಕೆಗೆ, ಮನೆಗೆಲಸಕ್ಕೆ ನಿಂತು ಪಾಠ ಹೇಳಿಸಿಕೊಳ್ಳುವ ಭಾಗ ಗುರುಕುಲದ ಕಥೆಯಂತೆ ಮನಸ್ಸಿಗೆ ಹತ್ತುತ್ತದೆ. ನಂಬಿ ನಾರಾಯಣನ್ ಅವರ ಪತ್ನಿಯಾಗಿ ಸಿಮ್ರನ್ ಅಭಿನಯವಂತೂ ಇಡೀ ಚಿತ್ರಕ್ಕಿಂತ ಮೇಲಿನದು. ದೇಶದ್ರೋಹಿಯ ಹೆಂಡತಿ ಎಂಬ ಹಣೆಪಟ್ಟಿ ಹೊತ್ತು ಮಳೆಯಲ್ಲಿ ನೆನೆಯುತ್ತ ನಿಲ್ಲುವ ದೃಶ್ಯದಲ್ಲಿ ಆಕೆಯ ಮುಖ ನೋಡಿದವರು ಅದನ್ನು ಬೇಗ ಮರೆಯಲಾರರು. ಕೊನೆಯಲ್ಲಿ ಮಾಧವನ್ ಸರಿದು, ಸ್ವತಃ ನಂಬಿ ನಾರಾಯಣನ್ ಬಂದು ಕೂರುವುದೂ ಒಳ್ಳೆಯ ಉಪಾಯ.

ಇನ್ನು ಫ್ರಾನ್ಸಿನ ಭಾಗಕ್ಕೆ ಬರೋಣ. ಚಿತ್ರದಲ್ಲಿ ನಂಬಿ ಐವತ್ತೆರಡು ಜನರನ್ನು ಕಟ್ಟಿಕೊಂಡು ಫ್ರಾನ್ಸಿಗೆ ಹೋಗುತ್ತಾರೆ. ಫ್ರೆಂಚರಿಗೆ ಅಗ್ಗದ ದುಡಿಮೆ ಬೇಕು, ನಮಗೆ ವಿದ್ಯೆ ಬೇಕು. ಅವರಿಗೆ ಪೂರ್ತಿ ತಿಳಿಯದ ಹಾಗೆ ವಿದ್ಯೆಯನ್ನು ಗಿಟ್ಟಿಸಿಕೊಂಡು ಬರುವ ಜಾಣತನ ನಾಯಕನದು. ಹಾಸ್ಟೆಲಿನ ತಮಾಷೆ, ಭಾಷೆ ಬಾರದ ಪೇಚಾಟ, ಕೊನೆಗೆ ಬೆಂಕಿ ಉಗುಳುವ ಇಂಜಿನ್, ಚಪ್ಪಾಳೆ. ನೋಡಲು ಸೊಗಸು. ಆದರೆ 1974ರ ಆ ಒಪ್ಪಂದ ಕದ್ದುಮುಚ್ಚಿ ಆದದ್ದಲ್ಲ. ಇಸ್ರೋ ಮತ್ತು ಫ್ರಾನ್ಸಿನ ಎಸ್‌ಇಪಿ ಸಂಸ್ಥೆ ಕಾಗದದ ಮೇಲೆ ಬರೆದು ರುಜು ಹಾಕಿದ ಒಪ್ಪಂದ ಅದು. ನಮ್ಮ ಇಂಜಿನಿಯರುಗಳು ನೂರು ಮಾನವ-ವರ್ಷಗಳಷ್ಟು, ಅಂದರೆ ಇಪ್ಪತ್ತು ಜನ ಐದು ವರ್ಷ ದುಡಿದರೆ ಎಷ್ಟಾಗುತ್ತದೋ ಅಷ್ಟು ಕೆಲಸ ಮಾಡಿಕೊಡಬೇಕು, ಒತ್ತಡ ಅಳೆಯುವ ಉಪಕರಣಗಳನ್ನು ಪೂರೈಸಬೇಕು. ಪ್ರತಿಯಾಗಿ ಅವರು ವೈಕಿಂಗ್ ಇಂಜಿನ್ನಿನ ತಂತ್ರಜ್ಞಾನ ಕೊಡಬೇಕು. ನಾರ್ಮಂಡಿಯ ವೆರ್ನೋನ್ ಎಂಬ ಊರಿನಲ್ಲಿ ನಮ್ಮವರು ಫ್ರೆಂಚರ ಹೆಗಲಿಗೆ ಹೆಗಲು ಕೊಟ್ಟು ದುಡಿದರು. ಆ ವೈಕಿಂಗ್ ಯುರೋಪಿನ ಏರಿಯಾನ್ ರಾಕೆಟ್ಟನ್ನು ಎತ್ತಿತು, ಅದರ ತಮ್ಮನಂತಿರುವ ವಿಕಾಸ್ ನಮ್ಮ ಪಿಎಸ್‌ಎಲ್‌ವಿಯನ್ನು ಎತ್ತಿತು. ಚಂದ್ರಯಾನ-3ನ್ನು ಹೊತ್ತು ಹೋದ ರಾಕೆಟ್ಟಿನಲ್ಲಿಯೂ ವಿಕಾಸ್ ಜೋಡಿ ಇದೆ.

ಫ್ರೆಂಚರು ಯಾಕೆ ಕೊಟ್ಟರು? ಚಿತ್ರ ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ಕೇಳಿದ್ದರೆ ಅದಕ್ಕೆ ಇನ್ನೂ ದೊಡ್ಡ ಕಥೆ ಸಿಗುತ್ತಿತ್ತು.

ಅರವತ್ತರ ದಶಕದಲ್ಲಿ ಯುರೋಪಿನ ದೇಶಗಳು ಸೇರಿ 'ಯುರೋಪಾ' ಎಂಬ ರಾಕೆಟ್ ಕಟ್ಟಲು ಹೊರಟವು. ಕೆಳಗಿನ ಹಂತ ಬ್ರಿಟನ್ನಿನದು, ನಡುವಿನದು ಫ್ರಾನ್ಸಿನದು, ಮೇಲಿನದು ಜರ್ಮನಿಯದು. ಮೂರು ಮನೆಯ ಮೂರು ಅಡುಗೆಯನ್ನು ಒಂದೇ ತಟ್ಟೆಯಲ್ಲಿ ಕಲಸಿದ ಹಾಗೆ. ಆ ರಾಕೆಟ್ ಒಂದೇ ಒಂದು ಉಪಗ್ರಹವನ್ನೂ ಕಕ್ಷೆಗೆ ಸೇರಿಸದೆ 1973ರಲ್ಲಿ ಮುಚ್ಚಿಹೋಯಿತು. ಅದೇ ಹೊತ್ತಿಗೆ ಫ್ರಾನ್ಸ್ ಮತ್ತು ಜರ್ಮನಿ 'ಸಿಂಫೊನಿ' ಎಂಬ ಸಂಪರ್ಕ ಉಪಗ್ರಹ ಮಾಡಿಟ್ಟುಕೊಂಡು, ಹಾರಿಸಿಕೊಡಿ ಎಂದು ಅಮೆರಿಕದ ಬಾಗಿಲು ತಟ್ಟಿದವು. ಹಾರಿಸುತ್ತೇವೆ, ಆದರೆ ಅದನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಪ್ರಯೋಗಕ್ಕಷ್ಟೆ ಎಂಬ ಷರತ್ತಿನ ಮೇಲೆ ಅಮೆರಿಕ ಒಪ್ಪಿತು. ಮನೆ ನಮ್ಮದು, ಬೀಗದ ಕೈ ಪಕ್ಕದವನದು ಎಂಬ ಈ ಅವಮಾನವೇ ಏರಿಯಾನ್ ಹುಟ್ಟಲು ಮುಖ್ಯ ಕಾರಣ. 1975ರ ಮೇ ತಿಂಗಳಲ್ಲಿ ಹತ್ತು ದೇಶಗಳು ಸೇರಿ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯನ್ನು ಕಟ್ಟಿದವು. ಅಂದರೆ ನಮ್ಮವರು ವೆರ್ನೋನ್‌ಗೆ ಹೋದಾಗ ಫ್ರೆಂಚರು ಗೆದ್ದು ಬೀಗುತ್ತಿದ್ದ ದೊರೆಗಳಾಗಿರಲಿಲ್ಲ. ಸೋತು, ಕೈಗೆ ಸಿಕ್ಕ ಜನರನ್ನು ಕೂಡಿಸಿಕೊಂಡು ಮತ್ತೆ ಶುರು ಮಾಡುತ್ತಿದ್ದವರು. ಇಬ್ಬರಿಗೂ ಇಬ್ಬರ ಅಗತ್ಯವಿತ್ತು. ಆ ಸಿಂಫೊನಿಯನ್ನೇ 1977ರಿಂದ 79ರವರೆಗೆ ಭಾರತ ತನ್ನ ದೂರಸಂಪರ್ಕ ಪ್ರಯೋಗಗಳಿಗೆ ಬಳಸಿಕೊಂಡಿತು ಎಂಬುದನ್ನು ನೆನೆದರೆ ಕೊಡುಕೊಳ್ಳುವಿಕೆ ಎಷ್ಟು ಸಹಜವಾಗಿತ್ತು ಎಂಬುದು ತಿಳಿಯುತ್ತದೆ.

ನಮ್ಮ ಬೆಂಗಳೂರಿನಲ್ಲಿ ತೆಗೆದ ಒಂದು ಫೋಟೋ ಎಲ್ಲರಿಗೂ ಗೊತ್ತು: ಎತ್ತಿನ ಗಾಡಿಯ ಮೇಲೆ ಕೂತ ಉಪಗ್ರಹ. ಅದು 'ಆಪಲ್'. ಫೋಟೋ ನೋಡಿದವರು ಪಾಪ, ಬಡತನ ಎನ್ನುತ್ತಾರೆ, ಇಲ್ಲವೇ ನೋಡಿ ನಮ್ಮ ಛಲ ಎನ್ನುತ್ತಾರೆ. ನಿಜ ಸಂಗತಿ ಎರಡೂ ಅಲ್ಲ. ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ಪೀಠ ಬೇಕಿತ್ತು, ಲಾರಿಯ ಕಬ್ಬಿಣ ಸಿಗ್ನಲ್ಲಿಗೆ ಅಡ್ಡಿ ಮಾಡುತ್ತಿತ್ತು, ಮರದ ಗಾಡಿ ಸರಿಹೋಯಿತು. ಅದಿರಲಿ, ಆ ಫೋಟೋದಲ್ಲಿ ಕಾಣದ್ದು ಇನ್ನೊಂದಿದೆ. ಆಪಲ್ ಎಂಬ ಹೆಸರಿನ ಮೊದಲ ಅಕ್ಷರವೇ ಏರಿಯಾನ್. ಪ್ರಯೋಗದ ಹಂತದಲ್ಲಿದ್ದ ತನ್ನ ರಾಕೆಟ್ಟಿನಲ್ಲಿ ಯುರೋಪು ಬಿಟ್ಟಿಯಾಗಿ ಜಾಗ ಕೊಟ್ಟಿತ್ತು. ಬಿಟ್ಟಿ ಜಾಗದಲ್ಲಿ ಅಪಾಯವೂ ಇತ್ತು: 1980ರ ಮೇ ತಿಂಗಳಲ್ಲಿ ಏರಿಯಾನ್‌ನ ಎರಡನೆಯ ಹಾರಾಟ ಸಮುದ್ರದ ಪಾಲಾಗಿತ್ತು. ಅದಾದ ಮೇಲೂ ನಮ್ಮವರು ಮೂರನೆಯದರಲ್ಲಿ ಉಪಗ್ರಹ ಇಟ್ಟರು. 1981ರ ಜೂನ್ 19ರಂದು ದಕ್ಷಿಣ ಅಮೆರಿಕದ ಕೌರುವಿನಿಂದ ಅದು ಹಾರಿತು. ಒಂದು ಸೌರಫಲಕ ಬಿಚ್ಚಿಕೊಳ್ಳದಿದ್ದರೂ ಎರಡು ವರ್ಷಕ್ಕೂ ಮೇಲೆ ಕೆಲಸ ಮಾಡಿತು. ಇಂಥ ನಂಬಿಕೆಯ ವ್ಯವಹಾರವನ್ನು 'ಕಣ್ಣಿಗೆ ಮಣ್ಣೆರಚಿದ' ಕಥೆಯಾಗಿ ಮಾರುವುದು ಫ್ರೆಂಚರಿಗೆ ಮಾತ್ರವಲ್ಲ, ನಮ್ಮವರ ದುಡಿಮೆಗೂ ಮಾಡುವ ಅನ್ಯಾಯ.

ಹಾಗೆಂದು ಯುರೋಪು ಧರ್ಮಛತ್ರವೇನಲ್ಲ. ಕನ್ನಡಿಗ ಯು.ಆರ್. ರಾವ್ ಇಸ್ರೋ ಅಧ್ಯಕ್ಷರಾಗಿದ್ದ ಕಾಲದಲ್ಲಿ ಅತಿಶೀತಲ ಇಂಜಿನ್ನಿಗಾಗಿ ಭಾರತ ಹುಡುಕಾಡುವಾಗ ಅಮೆರಿಕದ ಕಂಪನಿ ಮತ್ತು ಯುರೋಪಿನ ಏರಿಯಾನ್‌ಸ್ಪೇಸ್ ಎರಡೂ ದುಬಾರಿ ಬೆಲೆ ಕೇಳಿದವು. 235 ಕೋಟಿಗೆ ತಂತ್ರಜ್ಞಾನ ಸಮೇತ ಕೊಡಲು ಬಂದದ್ದು ರಷ್ಯಾದ ಗ್ಲಾವ್‌ಕಾಸ್ಮೋಸ್. 1974ರಲ್ಲಿ ಸಹೋದ್ಯೋಗಿಯಾಗಿದ್ದ ಯುರೋಪು 1991ರ ಹೊತ್ತಿಗೆ ಅಂಗಡಿ ತೆರೆದು ಕೂತಿತ್ತು, ಎದುರಿಗೆ ಇನ್ನೊಂದು ಅಂಗಡಿ ಏಳುವುದು ಅದಕ್ಕೆ ಬೇಕಿರಲಿಲ್ಲ. ಮೇಲಾಗಿ 1987ರಲ್ಲಿ ಅಮೆರಿಕ ಮುಂದಾಗಿ ಕಟ್ಟಿದ ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟದಲ್ಲಿ ಫ್ರಾನ್ಸ್, ಜರ್ಮನಿ, ಬ್ರಿಟನ್, ಇಟಲಿಗಳೂ ಸೇರಿದ್ದವು. ಸಿಂಫೊನಿಯ ಕಾಲದಲ್ಲಿ ಬಾಗಿಲ ಹೊರಗೆ ನಿಂತಿದ್ದವರು ಈಗ ಬಾಗಿಲು ಕಾಯುವವರ ಪಕ್ಕದಲ್ಲಿದ್ದರು. 1992ರಲ್ಲಿ ಅಮೆರಿಕ ನಿರ್ಬಂಧ ಹೇರಿತು. ಮರುವರ್ಷ ರಷ್ಯಾ ಮಣಿದು, ಇಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ ಎಂದಿತು. ನಮ್ಮದೇ ಅತಿಶೀತಲ ಇಂಜಿನ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು.

ಪೈಪೋಟಿಯ ಚಕ್ರ ಮತ್ತೆ ತಿರುಗಿದ್ದನ್ನೂ ನಾವು ಕಂಡಿದ್ದೇವೆ. ವೈಕಿಂಗ್‌ನ ತಮ್ಮನನ್ನು ಹೊತ್ತ ಪಿಎಸ್‌ಎಲ್‌ವಿ 2001ರಲ್ಲಿ ಯುರೋಪಿನ ಪ್ರೋಬಾ-1 ಉಪಗ್ರಹವನ್ನು ಕೊಂಡೊಯ್ದಿತು, 2024ರ ಡಿಸೆಂಬರ್ 5ರಂದು ಪ್ರೋಬಾ-3ನ್ನೂ ಕೊಂಡೊಯ್ದಿತು. ಉಕ್ರೇನ್ ಯುದ್ಧದಿಂದ ರಷ್ಯಾದ ರಾಕೆಟ್ ಸಿಗದೆ ಹೋದಾಗ ಲಂಡನ್ನಿನ ಒನ್‌ವೆಬ್ ಕಂಪನಿ ಬಂದದ್ದು ಶ್ರೀಹರಿಕೋಟಕ್ಕೆ. ಎರಡು ಹಾರಾಟಗಳಲ್ಲಿ 72 ಉಪಗ್ರಹ. ಇತ್ತ ಚಂದ್ರಯಾನ-1ರಲ್ಲಿ ಬ್ರಿಟನ್, ಜರ್ಮನಿ, ಸ್ವೀಡನ್‌ಗಳ ಉಪಕರಣಗಳಿದ್ದವು. ಚಂದ್ರಯಾನ-3ರ ಮಾತು ಬೆಂಗಳೂರಿಗೆ ತಲುಪಲು ಕೌರುವಿನ ಹಾಗೂ ಇಂಗ್ಲೆಂಡಿನ ಗೂನ್‌ಹಿಲಿಯ ಆಂಟೆನಾಗಳು ನೆರವಾದವು. ನಾವು ಪಟಾಕಿ ಹೊಡೆದ ಸಂಜೆಯ ಹಿಂದೆ ಅವರೂ ಇದ್ದರು.

ಇಷ್ಟಾದರೂ ಇದು ಚಿತ್ರದ ಸಣ್ಣ ದೋಷ. ನಾಯಕನನ್ನು ದೊಡ್ಡವನಾಗಿಸಲು ಉಳಿದವರನ್ನು ಕುಗ್ಗಿಸುವುದು ಜೀವನಚರಿತ್ರೆಯ ಚಿತ್ರಗಳ ಹಳೆಯ ಚಾಳಿ. 2022ರ ಆಗಸ್ಟಿನಲ್ಲಿ ಇಸ್ರೋದ ನಿವೃತ್ತ ವಿಜ್ಞಾನಿಗಳೇ ತಿರುವನಂತಪುರದಲ್ಲಿ ಪತ್ರಿಕಾಗೋಷ್ಠಿ ಕರೆದು, ಚಿತ್ರದ ಬಹುಪಾಲು ಸುಳ್ಳು ಎಂದರು. ಬಿಡುಗಡೆಗೆ ಮುಂಚೆ ಮಂಗಳಯಾನಕ್ಕೆ ಪಂಚಾಂಗ ನೆರವಾಯಿತು ಎಂದು ಮಾಧವನ್ ಹೇಳಿ, ನಗೆಪಾಟಲಾಗಿ, ತಮ್ಮ ಅಜ್ಞಾನ ಒಪ್ಪಿಕೊಂಡದ್ದೂ ಉಂಟು. ಅದನ್ನು ಹಿಡಿದು ಎಳೆದಾಡಬೇಕಿಲ್ಲ.

ದೊಡ್ಡ ದೋಷ ಬೇರೆ ಇದೆ. 1994ರ ಅಕ್ಟೋಬರ್ 15ರಂದು ವಿಕಾಸ್ ಇಂಜಿನ್ ಹೊತ್ತ ಪಿಎಸ್‌ಎಲ್‌ವಿ ಮೊದಲ ಬಾರಿಗೆ ಗೆದ್ದಿತು. ಐದೇ ದಿನಕ್ಕೆ, ಅಕ್ಟೋಬರ್ 20ರಂದು, ತಿರುವನಂತಪುರದಲ್ಲಿ ಮಾಲ್ಡೀವ್ಸಿನ ಮರಿಯಂ ರಶೀದಾ ಎಂಬ ಹೆಣ್ಣುಮಗಳ ಬಂಧನವಾಯಿತು. ಅಪರಾಧ: ವೀಸಾ ಅವಧಿ ಮುಗಿದ ಮೇಲೂ ಉಳಿದದ್ದು. ಸೂರತ್‌ನ ಪ್ಲೇಗಿನ ಭೀತಿಯಿಂದ ಆಕೆಯ ದೇಶಕ್ಕೆ ವಿಮಾನ ನಿಂತಿತ್ತು. ಮುಂದಿನ ತಿಂಗಳು ಆಕೆಯ ಜೊತೆಗಾರ್ತಿ ಫೌಝಿಯಾ ಹಸನ್. ಫೌಝಿಯಾ ನಮ್ಮ ನಾಡಿಗೆ ಅಪರಿಚಿತರಲ್ಲ, ಅವರ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಳು. ಮಗಳ ಓದಿಗಾಗಿ ಊರಿಂದೂರಿಗೆ ಓಡಾಡುವ ತಾಯಂದಿರು ನಮ್ಮ ಓಣಿಯಲ್ಲಿಯೂ ಇದ್ದಾರೆ. ಇವರ ಹೆಸರಿನ ಸುತ್ತ ಪತ್ರಿಕೆಗಳು ಹೆಣೆದ ಕಥೆ ಎಂಥದ್ದು? ಇಬ್ಬರು ಮುಸ್ಲಿಂ ಹೆಂಗಸರು, ಅವರ ಮೋಹಕ್ಕೆ ಬಿದ್ದ ವಿಜ್ಞಾನಿಗಳು, ಪಾಕಿಸ್ತಾನಕ್ಕೆ ರವಾನೆಯಾದ ರಾಕೆಟ್ ನಕ್ಷೆಗಳು. ಅತಿಶೀತಲ ಇಂಜಿನ್ನಿನ ವಿದ್ಯೆ ಆಗ ಭಾರತದ ಬಳಿಯೇ ಇರಲಿಲ್ಲ. ಇಲ್ಲದ್ದನ್ನು ಮಾರಿದರು ಎಂಬ ಆರೋಪವನ್ನು ನಂಬಲು ಜನರಿಗೆ ಆ ಎರಡು ಹೆಸರುಗಳೇ ಸಾಕಾದವು.

1996ರಲ್ಲಿ ಸಿಬಿಐ ಇಡೀ ಪ್ರಕರಣ ಸುಳ್ಳೆಂದಿತು. 1998ರಲ್ಲಿ ಸುಪ್ರೀಂ ಕೋರ್ಟು ಮರುತನಿಖೆಯ ಯತ್ನವನ್ನೂ ಹೊಡೆದುಹಾಕಿತು. ಆ ಹೊತ್ತಿಗೆ ಇಬ್ಬರೂ ಮೂರು ವರ್ಷಕ್ಕೂ ಮೇಲೆ ಕಂಬಿಗಳ ಹಿಂದೆ ಕಳೆದಿದ್ದರು. ನಂಬಿ ನಾರಾಯಣನ್ ಸೆರೆಯಲ್ಲಿದ್ದದ್ದು ಸುಮಾರು ಐವತ್ತು ದಿನ. ನೋವನ್ನು ದಿನಗಳ ಲೆಕ್ಕದಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಅವರು ಪಟ್ಟ ಪಾಡು ಸಣ್ಣದಲ್ಲ, ಛಲ ಬಿಡದೆ ಹೋರಾಡಿದ್ದೂ ಸಣ್ಣದಲ್ಲ. ಆದರೆ ಎರಡೂವರೆ ಗಂಟೆಯ ಚಿತ್ರದಲ್ಲಿ ಈ ಇಬ್ಬರಿಗೆ ಸಿಕ್ಕ ಜಾಗ ಎಷ್ಟು? ಅವರು ಅಲ್ಲಿ ಮನುಷ್ಯರಾಗಿ ಬರುವುದಿಲ್ಲ, ನಾಯಕನ ಮೇಲೆ ಬಿದ್ದ ಕಳಂಕವಾಗಿ ಬರುತ್ತಾರೆ. ಕಳಂಕ ತೊಳೆದರೆ ಅವರೂ ತೊಳೆದುಹೋಗುತ್ತಾರೆ. ವಿಜ್ಞಾನಿಯ ಹೆಂಡತಿ ಮಳೆಯಲ್ಲಿ ನಿಂತದ್ದನ್ನು ಅಷ್ಟು ಮನಮುಟ್ಟುವಂತೆ ತೋರಿಸಬಲ್ಲ ನಿರ್ದೇಶಕನಿಗೆ, ಬೆಂಗಳೂರಿನಲ್ಲಿ ಅಮ್ಮನ ದಾರಿ ಕಾಯುತ್ತಿದ್ದ ಶಾಲೆಯ ಹುಡುಗಿ ಕಾಣಲಿಲ್ಲವೇ?

ಇದರಲ್ಲಿ ನಮ್ಮ ಪಾಲೂ ಇದೆ. ರಾಕೆಟ್ ಎಂದ ಕೂಡಲೇ ನಾವು ಟಿಪ್ಪು ಎನ್ನುತ್ತೇವೆ, ಕಲಾಂ ಎನ್ನುತ್ತೇವೆ. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯಿಂದ 2018ರಲ್ಲಿ ಸಾವಿರದಷ್ಟು ಹಳೆಯ ರಾಕೆಟ್ಟುಗಳು ಸಿಕ್ಕಾಗ ಹಂಚಿಕೊಳ್ಳದ ಮೊಬೈಲ್ ನಮ್ಮ ಪೈಕಿ ಇರಲಿಲ್ಲ. ಹೆಮ್ಮೆಪಡಲು ಹೆಸರು ಬೇಕಾದಾಗ ನಮಗೆ ನೆನಪು ಚೆನ್ನಾಗಿರುತ್ತದೆ. ಮರಿಯಂ, ಫೌಝಿಯಾ ಎಂಬ ಹೆಸರುಗಳನ್ನು ನಾನು ಜುಮಾ ಮುಗಿಸಿ ಬಂದ ನಾಲ್ಕು ಜನರ ಮುಂದೆ ಹೇಳಿದೆ. ಒಬ್ಬರು, "ಆ ಪಾಕಿಸ್ತಾನದ ಗೂಢಚಾರಿಣಿಯರಲ್ವಾ ಭಾಯ್?" ಎಂದರು.

ಚಿತ್ರದ ಕೊನೆಗೆ ಸಂದರ್ಶನ ಮಾಡುವ ನಟ, ಹಿಂದಿಯಲ್ಲಿ ಶಾರುಖ್ ಖಾನ್, ತಮಿಳಿನಲ್ಲಿ ಸೂರ್ಯ, ದೇಶದ ಪರವಾಗಿ ನಂಬಿಯವರ ಕ್ಷಮೆ ಕೇಳುತ್ತಾನೆ. ನೋಡುವವರ ಕಣ್ಣು ತೇವವಾಗುತ್ತದೆ, ನನ್ನದೂ ಆಯಿತು. 2018ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟು ಅವರಿಗೆ 50 ಲಕ್ಷ ಪರಿಹಾರ ಕೊಡಿಸಿತು, ಆಮೇಲೆ ಕೇರಳ ಸರಕಾರ 1.3 ಕೋಟಿ ಕೊಟ್ಟಿತು. ಅದೇ ಪ್ರಕರಣದಲ್ಲಿ ಜೈಲು ಕಂಡಿದ್ದ, ಗ್ಲಾವ್‌ಕಾಸ್ಮೋಸ್‌ನ ಭಾರತದ ಪ್ರತಿನಿಧಿ ಕೆ. ಚಂದ್ರಶೇಖರ್ ಆ ತೀರ್ಪಿನ ಹೊತ್ತಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರು, ಎರಡು ದಿನಕ್ಕೆ ತೀರಿಕೊಂಡರು. ಇನ್ನೊಬ್ಬ ಆರೋಪಿ, ಬೆಂಗಳೂರಿನ ಎಸ್.ಕೆ. ಶರ್ಮಾ, ಅದೇ ನವೆಂಬರಿನಲ್ಲಿ ಹೋದರು. 2024ರಲ್ಲಿ ಸಿಬಿಐ ಹಳೆಯ ಪೊಲೀಸ್ ಅಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿತು. ಅಧಿಕಾರಿಯೊಬ್ಬನ ಅಸಭ್ಯ ನಡೆಗೆ ಮರಿಯಂ ಬಗ್ಗದಿದ್ದುದೇ ಎಲ್ಲದಕ್ಕೂ ಮೂಲ ಎಂದು ಅದರಲ್ಲಿದೆ. ಅದು ಆರೋಪ, ತೀರ್ಪಲ್ಲ. ಫೌಝಿಯಾ ಹಸನ್ ಅದನ್ನು ಓದಲು ಇರಲಿಲ್ಲ. ತಮ್ಮ ದೇಶದ ಚಿತ್ರಗಳಲ್ಲಿ ನಟಿಯಾಗಿದ್ದ ಅವರು, 'ರಾಕೆಟ್ರಿ' ಬಿಡುಗಡೆಯಾದ ಎರಡು ತಿಂಗಳಿಗೆ, 2022ರ ಆಗಸ್ಟ್ ಕೊನೆಯಲ್ಲಿ, ಶ್ರೀಲಂಕಾದಲ್ಲಿ ಕಣ್ಣುಮುಚ್ಚಿದರು.