ಮೊದಲ ಸೈಟು, ಕೊನೆಗೆ ಓದುವ ಪತ್ರ

ಆಸ್ತಿಗೆ ಮೊದಲ ಸಲ ದುಡ್ಡು ಹಾಕುವವರು ಬೆಂಗಳೂರಿನ ಕೋಣನಕುಂಟೆ ಕಡೆ ಹಿಡಿಯುವ ದಾರಿ ಹೆಚ್ಚುಕಡಿಮೆ ಒಂದೇ. ಉಳಿತಾಯ, ಚೀಟಿ ಹಣ, ಒಡವೆ ಅಡವಿಟ್ಟು ತಂದದ್ದು ಎಲ್ಲ ಕೂಡಿಸಿ ಒಂದು 20×30 ಸೈಟು. ಆ ಮೊತ್ತಕ್ಕೆ ಸಿಗುವುದು ಬಹುಪಾಲು ಬಿ ಖಾತಾದ್ದು, ಅಂದರೆ ಮಂಜೂರಾತಿಯಿಲ್ಲದೆ ತೆರಿಗೆಗಷ್ಟೇ ದಾಖಲಾದದ್ದು. ಮೊದಲು ಜಾಗ ನೋಡುತ್ತಾರೆ, ಆಮೇಲೆ ರೇಟು ಕುದುರಿಸುತ್ತಾರೆ, ‘ಇನ್ನೊಂದು ಪಾರ್ಟಿ ಕಾಯ್ತಾ ಇದೆ’ ಎಂದು ಬ್ರೋಕರ್ ಅವಸರಪಡಿಸಿದ ಕೂಡಲೇ ಟೋಕನ್ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಪತ್ರಗಳನ್ನು ಓದುವ ಕೆಲಸ ಕೊನೆಗೆ ಉಳಿಯುತ್ತದೆ. ಈ ಕ್ರಮ ತಲೆಕೆಳಗಾಗಿದೆ ಎಂಬುದೇ ನನ್ನ ತಕರಾರು.

ರೂಢಿಗೆ ಕಾರಣವಿಲ್ಲದೆ ಇಲ್ಲ. ಉತ್ತರಹಳ್ಳಿ ಹೋಬಳಿಯ ಹೊಲಗದ್ದೆಗಳು ಎಷ್ಟೋ ಕಡೆ ಭೂಪರಿವರ್ತನೆಯಾಗಲಿ ನಕ್ಷೆಯ ಮಂಜೂರಾತಿಯಾಗಲಿ ಇಲ್ಲದೆ ಸೈಟುಗಳಾದವು. ಬಿಡಿಎ ನಿವೇಶನಕ್ಕಾಗಿ ಕಾಯುವ ಶಕ್ತಿ ಇಲ್ಲದವರಿಗೆ ಸ್ವಂತ ಸೂರು ಕೊಟ್ಟದ್ದು ಈ ರೆವಿನ್ಯೂ ಸೈಟುಗಳೇ. ಅಲ್ಲಿ ಮನೆ ಕಟ್ಟಿಕೊಂಡು ಮಕ್ಕಳನ್ನು ಓದಿಸಿದವರ ಬಗ್ಗೆ ನನಗೆ ಗೌರವವಿದೆ. ಆದರೆ ಇರುವುದಕ್ಕೆಂದು ಕೊಂಡ ಸೈಟಿನ ಲೆಕ್ಕ ಬೇರೆ, ಮಾರಿ ಲಾಭ ಮಾಡಲು ಕೊಂಡದ್ದರ ಲೆಕ್ಕ ಬೇರೆ.

ಖಾತಾ ಎಂದರೆ ತೆರಿಗೆ ಯಾರು ಕಟ್ಟಬೇಕು ಎಂಬ ದಾಖಲೆ. ಅದು ಮಾಲೀಕತ್ವ ಕೊಡುವುದಿಲ್ಲ. ಕೊಡುವುದು ಕ್ರಯಪತ್ರ ಮತ್ತು ಅದರ ಹಿಂದಿನ ಮೂಲಪತ್ರಗಳ ಸರಣಿ. 2024ರಿಂದ ಬೆಂಗಳೂರಿನಲ್ಲಿ ನೋಂದಣಿಗೆ ಕಡ್ಡಾಯವಾದ ಇ-ಖಾತಾಕ್ಕೂ ಇದೇ ಮಾತು. ಬಿ ಖಾತಾದ ಸೈಟಿಗೆ ಸಾಮಾನ್ಯವಾಗಿ ದೊಡ್ಡ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ‘ಸಾಲದ ತಲೆನೋವಿಲ್ಲ, ಕ್ಯಾಷ್‌ನಲ್ಲೇ ಮುಗಿಸಿದೆ’ ಎಂದು ಸಮಾಧಾನಪಡುವವರನ್ನು ಕಂಡಾಗ ನನಗೆ ಆತಂಕವಾಗುತ್ತದೆ. ಹೊಸಬರ ಪಾಲಿಗೆ ಆ ಪತ್ರಗಳನ್ನು ಓದಲು ಇದ್ದ ಏಕೈಕ ಹೊರಗಿನವರು ಬ್ಯಾಂಕಿನ ವಕೀಲರು, ಅವರೂ ತಪ್ಪಿಹೋದರು. ಎಂದಾದರೊಂದು ದಿನ ಸಕ್ರಮವಾದೀತು ಎಂಬ ಭರವಸೆಯೂ ಬಹಳ ಹಳೆಯದು. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಯೋಜನೆ ಬಂದದ್ದು 2025ರಲ್ಲಿ. ಅದರಿಂದ ಖಾತಾ ಸರಿಹೋಗಬಹುದು, ಮೂಲಪತ್ರದಲ್ಲಿರುವ ತೊಡಕು ಹಾಗೇ ಇರುತ್ತದೆ.

ಆ ತೊಡಕು ಹೇಗಿರುತ್ತದೆ ಎಂದು ಒಂದು ಕಡತ ಬಿಚ್ಚಿದರೆ ತಿಳಿಯುತ್ತದೆ. ಮೂವತ್ತು ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದ್ದಾರೆ, ಅದರಲ್ಲಿ ಅಡಮಾನವಿಲ್ಲ, ಎಲ್ಲ ಸರಿ ಎಂದುಕೊಳ್ಳುತ್ತಾರೆ. ಆದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಜಮೀನು ಅಜ್ಜನದು, ಮಾರಿದವರು ಇಬ್ಬರು ಗಂಡುಮಕ್ಕಳು. ಕ್ರಯಪತ್ರದ ಕೊನೆಯ ಪುಟದಲ್ಲಿ ಅಕ್ಕತಂಗಿಯರ ಸಹಿಯೇ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬುದನ್ನು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಮಾರಾಟಗಳನ್ನು ಈ ಕೇಂದ್ರ ಕಾಯ್ದೆ ಮುಟ್ಟುವುದಿಲ್ಲ. ಅನಂತರದವಕ್ಕೆ ಆ ರಕ್ಷಣೆ ಇಲ್ಲ. ಮದುವೆಯಾಗಿ ಹೋದ ಮಗಳು ನಾಳೆ ವಿಭಾಗದ ದಾವೆ ಹೂಡಿದರೆ ಅದು ಅವಳ ನ್ಯಾಯವಾದ ಹಕ್ಕು. ವಂಶವೃಕ್ಷ ಕೇಳದೆ ಕೊಂಡವರು ಕೋರ್ಟಿಗೆ ಅಲೆಯಬೇಕಾಗುತ್ತದೆ.

ಬರಿಯ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಕೊಳ್ಳುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರಿಂದ ಮಾಲೀಕತ್ವ ವರ್ಗವಾಗುವುದಿಲ್ಲವೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ.

ಇನ್ನು ಮೆಟ್ರೊದಿಂದ ಬೆಲೆ ಏರುತ್ತದೆ ಎಂಬ ಮಾತು. ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗಿನ ಹಸಿರು ಮಾರ್ಗ 2021ರ ಜನವರಿಯಲ್ಲೇ ಶುರುವಾಯಿತು, ಕೋಣನಕುಂಟೆ ಕ್ರಾಸ್‌ನಲ್ಲಿ ನಿಲ್ದಾಣ ಬಂತು. ಅದರ ಲಾಭ ಈಗಾಗಲೇ ಮಾರುವವರು ಹೇಳುವ ಬೆಲೆಯಲ್ಲಿ ಸೇರಿಹೋಗಿದೆ. ಕಟ್ಟಡ ಕಟ್ಟಿದರೆ ಬಾಡಿಗೆಯಿಂದಲೇ ಕಂತು ತೀರುತ್ತದೆ ಎಂಬ ಮಾತನ್ನೂ ಲೆಕ್ಕ ಹಾಕಿ ನೋಡಬೇಕು. 1 ಕೋಟಿ ರೂಪಾಯಿಯ ಆಸ್ತಿಗೆ ತಿಂಗಳಿಗೆ 30,000 ರೂ. ಬಾಡಿಗೆ ಬಂತೆನ್ನಿ, ವರ್ಷಕ್ಕೆ 3.6 ಲಕ್ಷ. ಅದಕ್ಕೆ 75 ಲಕ್ಷ ಸಾಲ ಮಾಡಿದ್ದರೆ ಶೇ. 8.5ರಂತೆ ಮೊದಲ ವರ್ಷದ ಬಡ್ಡಿಯೇ 6 ಲಕ್ಷ ದಾಟುತ್ತದೆ. ಆಸ್ತಿ ತೆರಿಗೆ, ಬಣ್ಣ, ಮೋಟಾರು ರಿಪೇರಿ ಬೇರೆ. ಹೀಗಾಗಿ ಲಾಭವೆಲ್ಲ ನಿಂತಿರುವುದು ಮಾರುವ ದಿನದ ಮೇಲೆ. ಅಂದು ಒಳ್ಳೆಯ ಬೆಲೆ ಕೊಡಬಲ್ಲವರು ಬ್ಯಾಂಕ್ ಸಾಲ ತರುವವರೇ. ಆ ಬ್ಯಾಂಕಿನ ವಕೀಲರು ರೇಟಿನ ಸುದ್ದಿಗೇ ಹೋಗುವುದಿಲ್ಲ. ಮೂಲಪತ್ರ, ವಂಶವೃಕ್ಷ, ಆ ಅಕ್ಕತಂಗಿಯರ ಸಹಿ ಕೇಳುತ್ತಾರೆ.